ಬ್ಲೌಸಿನ ಅಳತೆ ಬೇರೆ, ಬ್ರಾದ ಅಳತೆ ಬೇರೆ

ಟೈಲರ್ ಬ್ಲೌಸಿಗೆ ಬರೆದುಕೊಂಡ 36 ನೋಡಿ ಅದೇ ಅಳತೆಯ ಬ್ರಾ ಕೊಂಡೆ, ಬೆನ್ನಿನ ಪಟ್ಟಿ ಮೇಲಕ್ಕೇರುತ್ತಿದೆ, ಸೋಮವಾರಪೇಟೆಯ ಅಂಗಡಿಯಲ್ಲಿ ಕೇಳಲು ಸಂಕೋಚ ಎಂದಿದ್ದೀರಿ. ತಪ್ಪು ನಿಮ್ಮ ಮೈಯದಲ್ಲ. ಟೈಲರ್ ಬರೆದುಕೊಳ್ಳುವುದು ಎದೆಯ ಉಬ್ಬಿನ ಸುತ್ತಳತೆ. ಬ್ರಾದ ಸಂಖ್ಯೆ ಬರುವುದು ಸ್ತನದ ಕೆಳಗಿನ ಸುತ್ತಳತೆಯಿಂದ.

ಹೊಲಿಗೆಯ ಟೇಪ್ ಹಿಡಿದು ಕನ್ನಡಿಯ ಮುಂದೆ ನಿಲ್ಲಿ. ಚಳಿ ಎಂದು ಸ್ವೆಟರಿನ ಮೇಲೆ ಅಳೆಯಬೇಡಿ. ಪ್ಯಾಡ್ ಇಲ್ಲದ ತೆಳು ಬ್ರಾ ಇದ್ದರೆ ಸಾಕು. ಮೊದಲು ಸ್ತನದ ಕೆಳಗೆ, ಉಸಿರು ಹೊರಬಿಟ್ಟು, ಟೇಪನ್ನು ಬಿಗಿಯಾಗಿ ಸುತ್ತಿ. ಹೆಚ್ಚಿನವರು ಎಡವುವುದು ಇಲ್ಲೇ: ಬೆನ್ನಿನ ಕಡೆ ಟೇಪ್ ಜಾರಿರುತ್ತದೆ, ಗೊತ್ತಾಗುವುದಿಲ್ಲ. ಪಕ್ಕಕ್ಕೆ ತಿರುಗಿ, ಅದು ನೆಲಕ್ಕೆ ಸಮವಾಗಿದೆಯೇ ನೋಡಿಕೊಳ್ಳಿ. 30 ಇಂಚು ಬಂತು ಎಂದುಕೊಳ್ಳಿ. ನಮ್ಮಲ್ಲಿ ರೂಢಿಯ ಲೆಕ್ಕದಂತೆ ಸಮಸಂಖ್ಯೆಗೆ 4, ಬೆಸಸಂಖ್ಯೆಗೆ 5 ಕೂಡಿಸಬೇಕು, 34 ಆಯಿತು. ಆಮೇಲೆ ಉಬ್ಬಿದ ಭಾಗದ ಮೇಲೆ ಟೇಪನ್ನು ಒತ್ತದೆ ಅಳೆಯಿರಿ. ಅದು ನಿಮ್ಮ 36 ಆದರೆ ವ್ಯತ್ಯಾಸ 2 ಇಂಚು. ಈ ವ್ಯತ್ಯಾಸದಿಂದ ಕಪ್ಪಿನ ಅಳತೆಯ ಅಕ್ಷರ ಬರುತ್ತದೆ: ಒಂದಕ್ಕೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ನಿಮ್ಮದು 34 ಬಿ.

ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸವಿರುತ್ತದೆ, ಡಬ್ಬದ ಮೇಲಿನ ಅಳತೆಗಳ ಪಟ್ಟಿ ನೋಡಿ. ಹಳೆಯ ಬ್ರಾವನ್ನೇ ಅಳೆದು ನಂಬಬೇಡಿ. ನಮ್ಮ ಮಳೆಗಾಲದಲ್ಲಿ ಒಲೆಯ ಬಿಸಿಗೆ ಒಣಗಿಸಿದ ಎಲಾಸ್ಟಿಕ್ ಸಡಿಲವಾಗಿರುತ್ತದೆ. ಹೊಸದನ್ನು ಕೊನೆಯ, ಅಂದರೆ ಅತಿ ಸಡಿಲ ಹುಕ್ಕಿಗೆ ಹಾಕಿದಾಗಲೇ ಸರಿಯಾಗಿ ಕೂರಬೇಕು. ಪಟ್ಟಿಯೊಳಗೆ ಎರಡು ಬೆರಳು ಹೋದರೆ ಸಾಕು. ಅಂಗಡಿಯಲ್ಲಿ "34 ಬಿ" ಎಂದಷ್ಟೇ ಹೇಳಿ, ಬೇರೇನೂ ವಿವರಿಸಬೇಕಿಲ್ಲ.