ಪಾಲು ಕೊಡದ ಪಶ್ಚಾತ್ತಾಪ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟ ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಯಸ್ಸು, ಊರು ಮತ್ತು ಉದ್ಯೋಗವನ್ನು ಬದಲಾಯಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಬಂದವರು 61 ವರ್ಷದ ನಿವೃತ್ತ ನೌಕರರು, ಪ್ರಾಟೆಸ್ಟೆಂಟ್ ಕ್ರೈಸ್ತ ಸಭೆಯೊಂದರಲ್ಲಿಯೇ ಹುಟ್ಟಿ ಬೆಳೆದವರು. ಮೂರು ವರ್ಷಗಳಿಂದ ಅವರು ಕರ್ತನ ಭೋಜನವನ್ನು, ಅಂದರೆ ಯೇಸುವಿನ ನೆನಪಿಗಾಗಿ ಆರಾಧನೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸವನ್ನು, ತೆಗೆದುಕೊಂಡಿರಲಿಲ್ಲ. ಉಳಿದವರು ಎದ್ದು ಹೋಗಿ ಮೊಣಕಾಲೂರುವಾಗ ಅವರು ಗೋಡೆಗೆ ತಾಗಿದ ಕೊನೆಯ ಬೆಂಚಿನಲ್ಲಿ ಕಣ್ಣು ಮುಚ್ಚಿಕೊಂಡು ಕುಳಿತಿರುತ್ತಿದ್ದರು. ಶುಕ್ರವಾರ ಉಪವಾಸ, ನಸುಕಿಗೆ ಮುಂಚೆ ಎದ್ದು ಪಾಪನಿವೇದನೆ, ದಿನವೂ ಬೈಬಲಿನ 51ನೆಯ ಕೀರ್ತನೆ, ಪಾಪಕ್ಕೆ ಕ್ಷಮೆ ಬೇಡುವ ಹಾಡು. "ಇಷ್ಟು ಮಾಡಿದರೂ ದೇವರು ಕ್ಷಮಿಸಿದ್ದಾನೆ ಅಂತ ಅನ್ನಿಸೋದೇ ಇಲ್ಲ ಮೇಡಂ" ಎಂಬುದು ಅವರ ಅಳಲು.

ನಿದ್ದೆಗೆಟ್ಟು ತೂಕ ಇಳಿದಿದ್ದುದರಿಂದ ಮೊದಲು ಮನೋವೈದ್ಯರ ಬಳಿ ಕಳುಹಿಸಿದೆ. ಖಿನ್ನತೆ ಇತ್ತು, ಔಷಧಿ ಶುರುವಾಯಿತು. ಪ್ರಾರ್ಥನೆ ಇರುವಾಗ ಮಾತ್ರೆ ಏಕೆ ಎಂದು ಕೇಳುವ ವಿಶ್ವಾಸಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಇವರು ಹಾಗೆ ಕೇಳದಿದ್ದುದು ನನ್ನ ಪುಣ್ಯ.

ಮೂರನೆಯ ಭೇಟಿಯಲ್ಲಿ ವಿಷಯ ಹೊರಬಂತು. ತಾಯಿ ಮೊದಲೇ ತೀರಿಕೊಂಡಿದ್ದರು, ತಂದೆ ಉಯಿಲು ಬರೆಯದೆ ಹೋದರು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗನಿಗೂ ಮಗಳಿಗೂ ಸಮಪಾಲು, ಅಂದರೆ ಮನೆಯ ಅರ್ಧ ಅಕ್ಕನದು. ಖಾತೆ ಬದಲಾವಣೆಗೆ ಸಹಿ ಬೇಕೆಂದು ಹೇಳಿ ಇವರು ಅಕ್ಕನನ್ನು ಉಪನೋಂದಣಿ ಕಚೇರಿಗೆ ಕರೆದೊಯ್ದು ತನ್ನ ಪಾಲನ್ನು ಆಕೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿದ್ದರು. "ಅಕ್ಕ ಓದಲೇ ಇಲ್ಲ. ಕನ್ನಡಕ ಮನೇಲಿ ಬಿಟ್ಟು ಬಂದಿದ್ದಳು. ಎಲ್ಲಿ ಹಾಕಲಪ್ಪ ಅಂತ ಕೇಳಿದಳು, ನಾನು ಬೆರಳಿಟ್ಟು ತೋರಿಸಿದೆ." ಇದನ್ನು ಹೇಳುವಾಗ ಅವರ ಬಲಗೈ ತೋರುಬೆರಳು ನನ್ನ ಮೇಜಿನ ಮೇಲೆ ಅದೇ ಜಾಗವನ್ನು ತೋರಿಸುತ್ತಿತ್ತು.

ಮೂರು ವರ್ಷ ದೇವರ ಮುಂದೆ ಅತ್ತ ಈ ಮನುಷ್ಯ ಅಕ್ಕನಿಗೆ ಒಂದು ಮಾತೂ ಹೇಳಿರಲಿಲ್ಲ. ಆದರೂ ಅದನ್ನು ಆ ದಿನವೇ ಎತ್ತಿ ಆಡಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಕ್ಷಮೆಯನ್ನು ದುಡಿದು ಸಂಪಾದಿಸಬೇಕೆಂದು ನಂಬಿದವರಿಗೆ ಅಕ್ಕನ ಪಾಲನ್ನು ಹಿಂದಿರುಗಿಸುವುದೂ ಉಪವಾಸದಂತೆ ಇನ್ನೊಂದು ಕಂತಾಗಿಬಿಡುತ್ತದೆ. ಆದ್ದರಿಂದ ಲೂಕನ ಸುವಾರ್ತೆಯ 15ನೆಯ ಅಧ್ಯಾಯವನ್ನು ತೆರೆದು, ತನ್ನ ಪಾಲಿನ ಆಸ್ತಿಯನ್ನು ಹಾಳುಮಾಡಿಕೊಂಡು ಹಂದಿ ಮೇಯಿಸುತ್ತಿದ್ದ ಮಗ ತಂದೆಗೆ ಹೇಳಬೇಕೆಂದು ಕಟ್ಟಿಕೊಂಡ ಮಾತನ್ನೂ, ಅವನು ನಿಜವಾಗಿ ಹೇಳಿದ ಮಾತನ್ನೂ, ಅಂದರೆ 18, 19 ಮತ್ತು 21ನೆಯ ವಚನಗಳನ್ನು, ಗಟ್ಟಿಯಾಗಿ ಓದಲು ಹೇಳಿದೆ. ಅವರು ಎರಡು ಸಲ ಓದಿ ತಲೆಯೆತ್ತಿದರು. "ಕೂಲಿಯವನ ಹಾಗೆ ಇಟ್ಟುಕೋ ಅನ್ನೋದು ಇಲ್ಲಿ ಇಲ್ವಲ್ಲ?" ಇಲ್ಲ. ಮಗ ಕಟ್ಟಿಕೊಂಡಿದ್ದ ಆ ಮಾತು ಬಾಯಿಗೆ ಬರುವ ಮೊದಲೇ ತಂದೆ ಅವನಿಗೆ ನಿಲುವಂಗಿ ತರಲು ಹೇಳಿಯಾಗಿದೆ. ಇವರು ಮಾತ್ರ ಆ ಬಿಟ್ಟುಹೋದ ವಾಕ್ಯವನ್ನೇ ಮೂರು ವರ್ಷ ಪ್ರಾರ್ಥಿಸಿದ್ದರು.

ಹಳೆಯ ಒಡಂಬಡಿಕೆ ಈ ಪ್ರೀತಿಯನ್ನು ಹೀಬ್ರೂವಿನಲ್ಲಿ 'ಹೆಸೆದ್' ಎನ್ನುತ್ತದೆ. ನಮ್ಮ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಅದು ಹೆಚ್ಚಾಗಿ 'ಕೃಪೆ' ಆಗಿದೆ. ಅದು ಮಾತು ಕೊಟ್ಟವನು ಮಾತಿಗೆ ಅಂಟಿಕೊಂಡಿರುವ ಪ್ರೀತಿ. 136ನೆಯ ಕೀರ್ತನೆಯ 26 ವಚನಗಳೂ ಆ ಕೃಪೆ ಶಾಶ್ವತವೆಂದೇ ಮುಗಿಯುತ್ತವೆ, ಆ ಕೃಪೆಗೆ ಎಲ್ಲಿಯೂ 'ಆದರೆ' ಎಂಬ ಷರತ್ತು ಅಂಟಿಲ್ಲ. 'ಪಶ್ಚಾತ್ತಾಪ' ಎಂಬ ಪದದಲ್ಲಿರುವುದು ತಾಪ; ಹೀಬ್ರೂವಿನ 'ಶೂಬ್' ಎಂದರೆ ಹಿಂದಿರುಗುವುದು. ಮತ್ತಾಯನ ಸುವಾರ್ತೆಯಲ್ಲಿ ಸ್ನಾನಿಕನಾದ ಯೋಹಾನನ ಕರೆಯನ್ನು ಹಳೆಯ ಕನ್ನಡ ಅನುವಾದ 'ದೇವರ ಕಡೆಗೆ ತಿರುಗಿಕೊಳ್ಳಿರಿ' ಎಂದು ಕೊಟ್ಟಿರುವುದು ನನಗೆ ಬಹಳ ಇಷ್ಟ. ಇವರಲ್ಲಿ ತಾಪ ಬೇಕಾದಷ್ಟಿತ್ತು, ತಿರುಗುವುದಷ್ಟೇ ಬಾಕಿ ಇತ್ತು.

ಮುಂದಿನ ಭೇಟಿಯಲ್ಲಿ ಲೂಕನ ಸುವಾರ್ತೆಯಲ್ಲಿ ಬರುವ ಸುಂಕದವನಾದ ಜಕ್ಕಾಯನ ಪ್ರಸಂಗವನ್ನು ಓದಿದೆವು. ಯೇಸು ಅವನ ಮನೆಯಲ್ಲಿ ಇಳಿದುಕೊಳ್ಳುತ್ತೇನೆಂದದ್ದು ಮೊದಲು. ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಜಕ್ಕಾಯ ಹೇಳಿದ್ದು ಆಮೇಲೆ. ಈ ಅನುಕ್ರಮ ಅವರಿಗೆ ಹಿಡಿಸಿದ ಮೇಲೆಯೇ ನಾನು ಸಲಹೆಗೆ ಬಂದೆ. ವಕೀಲರನ್ನು ಕಂಡು ಅಕ್ಕನ ಅರ್ಧ ಪಾಲನ್ನು ಆಕೆಯ ಹೆಸರಿಗೆ ಮಾಡಿಕೊಡುವ ಕರಡು ಸಿದ್ಧಪಡಿಸಿಕೊಳ್ಳಬೇಕು. ಹೆಂಡತಿ ಮಕ್ಕಳಿಗೆ ಮುಂಚೆಯೇ ತಿಳಿಸಬೇಕು. ಅಕ್ಕನ ಮುಂದೆ ನಡೆದದ್ದನ್ನು ನೆಪಗಳಿಲ್ಲದೆ ಹೇಳಬೇಕು. ಆದರೆ ಆ ದಿನವೇ ಕ್ಷಮಿಸೆಂದು ಆಕೆಯನ್ನು ಒತ್ತಾಯಿಸಬಾರದು, ವಚನ ತೋರಿಸಿ ಕೇಳುವುದಂತೂ ಕೂಡದು. ಮೋಸ ಹೋದವಳ ಮೇಲೆ ಕ್ಷಮಿಸುವ ಭಾರವನ್ನೂ ಹೊರಿಸುವುದು ಎರಡನೆಯ ಅನ್ಯಾಯ. ನಸುಕಿನ ಪಾಪನಿವೇದನೆಯನ್ನು ನಿಲ್ಲಿಸಿ, ರಾತ್ರಿ ಒಮ್ಮೆ, ಚುಟುಕಾಗಿ ಮಾಡಿ ಮಲಗಲು ಹೇಳಿದೆ. ಕರ್ತನ ಭೋಜನದ ಬಗ್ಗೆ ಸಭಾಪಾಲಕರೊಂದಿಗೆ ಮಾತನಾಡಲು ಬಿಟ್ಟೆ.

ಹೋಗಲು ಅವರಿಗೆ ಏಳು ವಾರ ಹಿಡಿಯಿತು. ಎರಡು ಸಲ ಬಸ್ ನಿಲ್ದಾಣದಿಂದಲೇ ಮರಳಿದ್ದರು. ಕೊನೆಗೆ ಹೋದಾಗ ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಒಳಗಿನಿಂದ ಕನ್ನಡಕ ತಂದು ಹಾಕಿಕೊಂಡು ಕರಡನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದರಂತೆ. ಓದಿ ಮುಗಿಸಿ, "ಇದನ್ನು ನನ್ನ ಮಗನಿಗೂ ತೋರಿಸ್ತೀನಿ, ಆಮೇಲೆ ನೋಡೋಣ" ಎಂದು ಹೇಳಿ ಊಟಕ್ಕೆ ಏಳಿಸಿದರಂತೆ. ಕ್ಷಮಿಸಿದೆ ಎಂದು ಆಕೆ ಇಂದಿಗೂ ಹೇಳಿಲ್ಲ. ಪತ್ರ ನೋಂದಣಿಯಾಗಿದೆ, ಮತ್ತು ಇವರು ಈಗ ಕೊನೆಯ ಬೆಂಚಿನಿಂದ ಎದ್ದು ಹೋಗಿ ಉಳಿದವರ ಜೊತೆ ಮೊಣಕಾಲೂರುತ್ತಾರೆ.