ನೀಲಿ ಬಣ್ಣದ ಡಿಂಕಿ ಥಂಡರ್‌ಬರ್ಡ್ 2 ನಕಲಿನಾ?

ನಕಲಿ ಅಲ್ಲ. ನಿಮ್ಮ ಅನುಮಾನವೂ ತಪ್ಪಲ್ಲ ಬಿಡಿ. 1965ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಶುರುವಾದ 'ಥಂಡರ್‌ಬರ್ಡ್ಸ್' ಬೊಂಬೆ ಸರಣಿಯಲ್ಲಿ ಈ ಹಾರುವ ವಾಹನ ಹಸಿರು. ಬ್ರಿಟನ್ನಿನ ಆಟಿಕೆ ಬ್ರ್ಯಾಂಡ್ ಡಿಂಕಿ 1967ರಲ್ಲಿ ತಂದ ಆಟಿಕೆಯೂ ಹಸಿರೇ, ಅದರ ನಂಬರ್ 101. ಆಮೇಲೆ 1970ರ ದಶಕದಲ್ಲಿ ಅದನ್ನೇ ತುಸು ಬದಲಿಸಿ 106 ಅಂತ ನೀಲಿಯಲ್ಲಿ ಮಾರಿದರು. ಟಿವಿಯಲ್ಲಿ ಇಲ್ಲದ ಬಣ್ಣ! ನನಗಂತೂ ಆ ನೀಲಿ ಹಿಡಿಸಲ್ಲ. ಆದರೆ ಅದೂ ಅಸಲಿಯೇ.

ಬಣ್ಣ ಎದ್ದಿರುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ನೀಲಿಯ ಕೆಳಗೆ ಹಸಿರು ಕಂಡರೆ ಯಾರೋ ಮೇಲೆ ಬಳಿದಿದ್ದಾರೆ ಅಂತ. ಬರೀ ಲೋಹ ಕಂಡರೆ ಒಳ್ಳೆಯ ಲಕ್ಷಣ, ಆದರೂ ಅದೊಂದನ್ನೇ ನಂಬಬೇಡಿ. ಹಳೇ ಬಣ್ಣ ಪೂರ್ತಿ ಕಿತ್ತು ಹೊಸದು ಹೊಡೆಯುವವರೂ ಇದ್ದಾರೆ.

ಬಣ್ಣಕ್ಕಿಂತ ಮುಖ್ಯವಾದದ್ದು ಹೊಟ್ಟೆಯೊಳಗಿದೆ. ನಡುವಿನ ಡಬ್ಬಿಯ ಬಾಗಿಲು ತೆಗೆದರೆ ಪುಟ್ಟ ಹಳದಿ ಜಲಾಂತರ್ಗಾಮಿ ಥಂಡರ್‌ಬರ್ಡ್ 4 ಇರಬೇಕು. ಮಕ್ಕಳು ಮೊದಲು ಕಳೆದುಹಾಕುತ್ತಿದ್ದದ್ದೇ ಅದನ್ನ. ಈಗ ಅದರ ಪ್ರತಿಗಳು ಬಿಡಿಯಾಗಿ ಸಿಗುತ್ತವೆ, ಪ್ಲಾಸ್ಟಿಕ್ ಕಾಲು, ರಟ್ಟಿನ ಪೆಟ್ಟಿಗೆಗಳದ್ದೂ ಅಷ್ಟೇ. ಅಂಥವು ಇದ್ದರೆ ತಪ್ಪಿಲ್ಲ, ಆದರೆ ಅಸಲಿಯ ರೇಟು ಕೊಡಬೇಡಿ. ಕಾಲುಗಳನ್ನು ಒತ್ತಿ, ಎಳೆದು ನೋಡಿಯೇ ಮಾತಾಡಿ.

ಡಿಂಕಿ ತಯಾರಾಗುತ್ತಿದ್ದ ಲಿವರ್‌ಪೂಲ್‌ನ ಬಿನ್ಸ್ ರೋಡ್ ಕಾರ್ಖಾನೆ 1979ರಲ್ಲೇ ಮುಚ್ಚಿತು. ಅಂದರೆ ನಿಮ್ಮ ಆಟಿಕೆಗೆ ಕಮ್ಮಿ ಅಂದರೂ 40 ವರ್ಷ ದಾಟಿದೆ. ಪೆಟ್ಟಿಗೆ ಮಾತ್ರ ಹೊಚ್ಚ ಹೊಸದರಂತೆ ಹೊಳೆಯುತ್ತಿದ್ದರೆ ಅದು ಅಸಲಿಯಾ ಅಂತ ಮಾರುವವರನ್ನು ಸುಮ್ನೆ ಒಂದು ಸಲ ಕೇಳಿಬಿಡಿ, ಅಲ್ವಾ?