ಮಂಗಳ ಗ್ರಹದಲ್ಲಿ ಸಿಕ್ಕಿಬಿದ್ದ ಆರು ಹುಡುಗರ ಜೀವಕ್ಕೆ ಮೊದಲು ಕುತ್ತು ತರುವುದು ಯಾವುದು?

ನಿಮ್ಮ ಕಾದಂಬರಿಯಲ್ಲಿ ಹದಿನಾರು ಹದಿನೇಳರ ಆರು ಮಂದಿ ಮಂಗಳದಲ್ಲಿ ಸಿಕ್ಕಿಕೊಂಡಿದ್ದಾರೆ, ದೊಡ್ಡವರು ಯಾರೂ ಇಲ್ಲ. ಧೂಳಿನ ಬಿರುಗಾಳಿ ಅವರ ಮನೆಯ ಗೋಡೆ ಕಿತ್ತುಹಾಕುತ್ತೆ ಅಂತ ಬರೆದಿದ್ದೀರಿ, ಆಗಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಅಲ್ಲಿ ವಾಯುಒತ್ತಡ ಸುಮಾರು 6 ಮಿಲಿಬಾರ್, ನಮ್ಮಲ್ಲಿ 1013. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಅಲ್ಲಿ ತಳ್ಳುವುದು ನಮ್ಮ ಊರಿನ 13 ಕಿ.ಮೀ. ಗಾಳಿಯಷ್ಟೇ. ಹಿಡಿದ ಛತ್ರಿಯೂ ಮಗುಚುವುದಿಲ್ಲ.

ಆದರೆ ಬಿರುಗಾಳಿಯನ್ನು ತೆಗೆದುಹಾಕಬೇಡಿ. ಅದು ಬಿಸಿಲನ್ನು ಮುಚ್ಚುತ್ತೆ. 2004ರಿಂದ ಮಂಗಳದಲ್ಲಿ ದುಡಿಯುತ್ತಿದ್ದ ನಾಸಾದ ಆಪರ್ಚುನಿಟಿ ರೋವರ್ (ಓಡಾಡುವ ಯಂತ್ರ) 2018ರ ಜೂನ್‌ನಲ್ಲಿ ಹೀಗೇ ಸೋಲಾರ್ ಸಿಗದೆ ಮೌನವಾಯಿತು. ಕರೆಂಟ್ ಹೋದರೆ ಗಾಳಿ ಶುದ್ಧ ಮಾಡುವ ಯಂತ್ರದ ಫ್ಯಾನ್ ನಿಲ್ಲುತ್ತೆ. ಫ್ಯಾನ್ ನಿಂತರೆ ಹುಡುಗರು ಬಿಟ್ಟ ಉಸಿರೇ ಅವರಿಗೆ ವಿಷ.

ಲೆಕ್ಕ ಹೀಗೆ. ಒಬ್ಬರು ದಿನಕ್ಕೆ ಸುಮಾರು 1 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ, ಅಂದರೆ ಅರ್ಧ ಘನ ಮೀಟರಿಗಿಂತ ತುಸು ಹೆಚ್ಚು. ಮನೆ 20 ಅಡಿ ಉದ್ದ, 18 ಅಡಿ ಅಗಲ, 10 ಅಡಿ ಎತ್ತರ ಇದೆ, ಒಳಗಿನ ಒತ್ತಡ ಭೂಮಿಯಷ್ಟೇ ಅಂದುಕೊಳ್ಳಿ: ಸುಮಾರು 100 ಘನ ಮೀಟರ್ ಗಾಳಿ. ಆರು ಜನ ಇದ್ದರೆ ಒಂದೇ ದಿನದಲ್ಲಿ ಈ ಅನಿಲ 3 ಶೇಕಡಾ ದಾಟುತ್ತೆ. ತಲೆನೋವು, ಏದುಸಿರು ಶುರು. ಎರಡನೇ ದಿನದ ಕೊನೆಗೆ 6 ಶೇಕಡಾ ದಾಟಿ ಬುದ್ಧಿ ಮಂಕಾಗುತ್ತೆ. ಆಮ್ಲಜನಕ ಆಗ ಇನ್ನೂ 13 ಶೇಕಡಾ ಆಸುಪಾಸು ಉಳಿದಿರುತ್ತೆ.

ಕಥೆಗೆ ಬೇಕಾದ ತಪ್ಪು ಇಲ್ಲೇ ಇದೆ. ಹೀಟರ್ ನಿಂತಿದೆ, ಚಳಿ. ಹುಡುಗರು ಏನು ಮಾಡುತ್ತಾರೆ? 10 ಅಡಿಗೆ 9 ಅಡಿಯ ಒಂದು ಕೋಣೆ ಸೇರಿ, ಬಾಗಿಲು ಹಾಕಿ, ಒತ್ತೊತ್ತಾಗಿ ಮಲಗುತ್ತಾರೆ. ಎಚ್ಚರವಿದ್ದರೆ ಐದಾರು ಗಂಟೆಯಲ್ಲಿ 3 ಶೇಕಡಾ, ನಿದ್ದೆಯಲ್ಲಿ ಸ್ವಲ್ಪ ನಿಧಾನ. ಯಾರೋ ಗಾಬರಿಯಿಂದ ಆಮ್ಲಜನಕದ ಸಿಲಿಂಡರ್ ತಿರುವುತ್ತಾರೆ. ಕಾರ್ಬನ್ ಡೈಆಕ್ಸೈಡ್ ಇದ್ದಲ್ಲೇ ಇರುತ್ತೆ, ಬೆಂಕಿಯ ಅಪಾಯ ಮಾತ್ರ ಏರುತ್ತೆ.

ಪರಿಹಾರ ಕಾರ್ಬನ್ ಡೈಆಕ್ಸೈಡ್ ಹೀರುವ ಲಿಥಿಯಂ ಹೈಡ್ರಾಕ್ಸೈಡ್ ಹರಳುಗಳ ಡಬ್ಬಿ. 1 ಕೆ.ಜಿ. ಹರಳು ಹೀರುವುದು ಹೆಚ್ಚೆಂದರೆ 0.92 ಕೆ.ಜಿ. ಅನಿಲ, ಹಾಗಾಗಿ ಆರು ಜನರಿಗೆ ದಿನಕ್ಕೆ 7 ಕೆ.ಜಿ. ಇಟ್ಟುಕೊಳ್ಳಿ. ತಿಂಗಳಿಗೆ 200 ಕೆ.ಜಿ. ದಾಟುತ್ತೆ, ಒಮ್ಮೆ ಬಳಸಿದ್ದು ಮತ್ತೆ ಬಾರದು. ಡಬ್ಬಿಯನ್ನು ಸುಮ್ಮನೆ ಮೂಲೆಯಲ್ಲಿಟ್ಟರೆ ಸಾಲದು, ಗಾಳಿ ಅದರ ಮೂಲಕ ಹಾಯಬೇಕು. ಬ್ಯಾಟರಿಯಲ್ಲಿ ಉಳಿದದ್ದು ಮೊದಲು ಪುಟ್ಟ ಫ್ಯಾನಿಗೆ, ಆಮೇಲೆ ಹೀಟರಿಗೆ. ಕೆಲಸ ಮಾಡುವಾಗ ಡಬ್ಬಿ ಬೆಚ್ಚಗಾಗುತ್ತೆ, ಅಂಗೈ ಇಟ್ಟು ನೋಡಬಹುದು. ಹರಳಿನ ಪುಡಿ ಕಣ್ಣು, ಗಂಟಲು ಸುಡುತ್ತೆ, ಡಬ್ಬಿ ಒಡೆಯಬಾರದು.

1970ರಲ್ಲಿ ಚಂದ್ರನತ್ತ ಹೊರಟಿದ್ದ ಅಪೊಲೊ 13 ನೌಕೆಯ ಮೂವರು ಎದುರಿಸಿದ್ದು ಇದನ್ನೇ. ಚೌಕದ ಡಬ್ಬಿ, ದುಂಡನೆಯ ಕಿಂಡಿ. ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಟೇಪ್ ಸೇರಿಸಿ ಹೊಂದಿಸಿದರು. ನಿಮ್ಮ ಹುಡುಗರಿಗೂ ಅಂಥದ್ದೇ ಸಾಮಾನು ಕೊಡಿ.

ಆಲೂಗಡ್ಡೆ ಬೆಳೆದು ಗಾಳಿ ಶುದ್ಧ ಮಾಡಿಕೊಳ್ಳುವ ಅಧ್ಯಾಯವನ್ನು ಮುಂದಕ್ಕೆ ಹಾಕಿ. ಬಿಸಿಲೇ ಇಲ್ಲದಾಗ ಗಿಡಗಳೂ ನಮ್ಮಂತೆ ಕಾರ್ಬನ್ ಡೈಆಕ್ಸೈಡನ್ನೇ ಬಿಡುತ್ತವೆ. ಅಲ್ಲಿನ ಮಣ್ಣಿನಲ್ಲಿ 0.5ರಿಂದ 1 ಶೇಕಡಾ ಪರ್ಕ್ಲೋರೇಟ್ ಎಂಬ ಲವಣ ಇದೆ, ಥೈರಾಯ್ಡಿಗೆ ಕೇಡು. ನೀರಿನಲ್ಲಿ ಕರಗುವುದರಿಂದ ಮಣ್ಣನ್ನು ತೊಳೆದೇ ಬಿತ್ತಬೇಕು. ಗೆಡ್ಡೆ ಕೈಗೆ ಬರಲು ಮೂರು ತಿಂಗಳಾದರೂ ಬೇಕು, ಅಷ್ಟರವರೆಗಿನ ಊಟ ಉಗ್ರಾಣದಲ್ಲಿರಲಿ.